ಮಂಡಿ ನೋಡುವ ಕಾಳಕ್ಕ

1973ರ ಬೇಸಿಗೆಯಲ್ಲಿ, ಹಿರಿಯೂರಿನ ಒಂದು ಮೈದಾನದಲ್ಲಿ, ಯಲ್ಲದಕೆರೆಯ ಕಬಡ್ಡಿ ಆಟಗಾರ ಮುದ್ದಪ್ಪನ ಎಡಮಂಡಿ ಮುರಿಯಿತು. ಅವನು ಎದುರು ತಂಡದವರ ಅಂಗಳಕ್ಕೆ ನುಗ್ಗಿ, ಒಬ್ಬನನ್ನು ಮುಟ್ಟಿ, ನಡುಗೆರೆಯ ಕಡೆ ಓಡಿಬರಲು ತಿರುಗಿದ್ದ. ಒಣಗಿದ ಜಾಲಿಕೊಂಬೆ ಮುರಿದ ಹಾಗೆ ಸದ್ದಾಯಿತು ಎಂದು ಗೆರೆಯ ಪಕ್ಕದಲ್ಲಿ ನಿಂತಿದ್ದವರು ಹೇಳುತ್ತಿದ್ದರು. ಆಮೇಲೆ ಅವನ ಕೂಗು ಕೇಳಿಸಿತು.

ಅವನ ತಂಡದವರು ಕೂಗಿನ ಕಾರಣ ಹುಡುಕಲಿಲ್ಲ. ಎದುರಿನವನು ಒದ್ದಿದ್ದಾನೆ ಎಂದುಕೊಂಡು ಹತ್ತಿರ ಸಿಕ್ಕವನ ಮೇಲೆ ಬಿದ್ದರು. ಅವನ ಮೂರು ಹಲ್ಲು ಮಣ್ಣಿಗೆ ಉದುರಿದವು. ಬಿಡಿಸಲು ಬಂದ ಇನ್ನೊಬ್ಬನ ಕಿವಿ ಹರಿಯಿತು. ಆ ದಿನ ಸಂತೆಗೆ ಕುರಿ ಹೊಡೆದುಕೊಂಡು ಬಂದಿದ್ದ ಮುದ್ದಪ್ಪನ ಅಕ್ಕ ಕಾಳಕ್ಕ, ತಮ್ಮನ ಆಟ ನೋಡಲು ನಿಂತಿದ್ದವಳು, ಗುಂಪಿನೊಳಕ್ಕೆ ನುಗ್ಗಿ ತಂಡದ ನಾಯಕ ಈರಬಸಪ್ಪನ ತೋಳು ಹಿಡಿದಳು.

"ಅವನ್ನ ಯಾರೂ ಮುಟ್ಟಿಲ್ಲ ಕಣಪ್ಪ. ಅವನ ಕಾಲೇ ಅವನ್ನ ಕೆಡವೈತೆ. ನಾನು ನೋಡೀನಿ."

ಈರಬಸಪ್ಪ ಅವಳನ್ನು ಹಿಂದಕ್ಕೆ ತಳ್ಳಿದ. ಬಿದ್ದ ರಭಸಕ್ಕೆ ಬಳೆ ಒಡೆದು ಮುಂಗೈಗೆ ಹೊಕ್ಕವು. ತಮ್ಮನಿಗೆ ಹೊಡೆದವರ ಪರ ಮಾತಾಡುವ ಹೆಂಗಸು ಇವಳೊಬ್ಬಳೇ ಎಂದು ಊರಿಗೆ ಬಂದ ಮೇಲೂ ಜನ ಬೈದರು. ಅವಳು ಕೈಯ ಗಾಯಕ್ಕೆ ಅರಿಶಿನ ಮೆತ್ತಿಕೊಂಡು ಕುರಿ ಹೊಡೆದುಕೊಂಡು ಹೋದಳು.

ಕಾಳಕ್ಕ ಆಗ ನಲವತ್ತರ ಆಸುಪಾಸಿನವಳು. ಓದು ಬರಹ ಬಾರದು. ಅವಳ ಮಾವ ಕಾಳಗದ ಟಗರು ಸಾಕಿ ಹೆಸರು ಮಾಡಿದ್ದವನು. ಟಗರು ಕಾಳಗ ನೋಡಿದವರಿಗೆ ಗೊತ್ತು, ಅದು ಬರೀ ಕೊಂಬಿನ ಆಟವಲ್ಲ. ಎರಡು ಟಗರು ಇಪ್ಪತ್ತು ಹೆಜ್ಜೆ ಹಿಂದಕ್ಕೆ ಸರಿದು, ಓಡಿಬಂದು, ತಲೆಗೆ ತಲೆ ಕೊಡುತ್ತವೆ. ಮೂಗಿನಲ್ಲಿ ರಕ್ತ ಬರುತ್ತದೆ, ಕೊಂಬಿನ ಬುಡ ಬಿರಿಯುತ್ತದೆ. ಆದರೆ ಸೋಲುವ ಟಗರು ಹೆಚ್ಚಾಗಿ ತಲೆ ಒಡೆದು ಸೋಲುವುದಿಲ್ಲ. ಗುದ್ದಿದ ಮೇಲೆ ಗಕ್ಕನೆ ತಿರುಗುವಾಗ ಮಂಡಿ ಉಳುಕಿ ಕುಸಿಯುತ್ತದೆ. ಬಿದ್ದದ್ದನ್ನು ಇನ್ನೊಂದು ಪಕ್ಕೆಗೆ ಗುದ್ದಿ ಕೊಲ್ಲುತ್ತದೆ.

ಅದಕ್ಕೇ ಅವಳ ಮಾವ ಟಗರು ಕೊಳ್ಳುವ ಮೊದಲು ಒಂದು ಕೆಲಸ ಮಾಡುತ್ತಿದ್ದ. ಹಟ್ಟಿಯ ಮುಂದೆ ಒಂದು ಗೂಟ ನೆಟ್ಟು, ಸುತ್ತ ಜರಡಿ ಹಿಡಿದ ಬೂದಿಯನ್ನು ಬೆರಳು ದಪ್ಪಕ್ಕೆ ಹರಡಿ, ಟಗರನ್ನು ಓಡಿಸಿಕೊಂಡು ಬಂದು ಗೂಟದ ಹತ್ತಿರ ಗಕ್ಕನೆ ತಿರುಗಿಸುತ್ತಿದ್ದ. ಆಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಗೊರಸಿನ ಗುರುತು ನೋಡುತ್ತಿದ್ದ. ಗೊರಸಿನ ಎರಡು ಸೀಳೂ ಸಮನಾಗಿ ಇಳಿದಿದ್ದರೆ ಕಾಲು ಗಟ್ಟಿ. ಒಳಗಿನ ಸೀಳು ಮಾತ್ರ ಆಳಕ್ಕೆ ಇಳಿದು, ಹೊರಗಿನದು ಬೂದಿಯನ್ನು ಸವರಿದ್ದರೆ, ತಿರುಗುವಾಗ ಆ ಮಂಡಿ ಒಳಕ್ಕೆ ಬೀಳುತ್ತದೆ ಎಂದು ಅರ್ಥ. ಅಂಥ ಟಗರನ್ನು ಬಿಟ್ಟಿ ಕೊಟ್ಟರೂ ಅವನು ತರುತ್ತಿರಲಿಲ್ಲ. ಮಾವನಿಗೆ ಕಣ್ಣು ಮಂಜಾದ ಮೇಲೆ ಸೊಸೆಯೇ ಗುರುತು ನೋಡಿ ಹೇಳತೊಡಗಿದಳು. ಅವನು ಸತ್ತ ಮೇಲೆ ಹೊಳಲ್ಕೆರೆ, ಹೊಸದುರ್ಗದ ಕಡೆಯಿಂದಲೂ ಟಗರು ಹಿಡಿದುಕೊಂಡು ಅವಳ ಹಟ್ಟಿಗೆ ಬರುತ್ತಿದ್ದರು.

ಮುದ್ದಪ್ಪ ಆರು ತಿಂಗಳು ಮಲಗಿದ. ಎದ್ದ ಮೇಲೆ ಅವಳು ತಮ್ಮನನ್ನು ಬೂದಿಯ ಮೇಲೆ ನಡೆಸಿದಳು. ಎಡಪಾದದ ಒಳಗಂಚು ಗುಳಿ ಬಿದ್ದ ಹಾಗೆ ಇಳಿದಿತ್ತು, ಹೊರಗಂಚಿನ ಗುರುತೇ ಇರಲಿಲ್ಲ. ಮುರಿಯುವ ಮೊದಲೂ ಇದು ಹೀಗೇ ಇದ್ದಿರಬೇಕು, ಮನೆಯಲ್ಲೇ ಇಟ್ಟುಕೊಂಡು ನಾನು ನೋಡಲಿಲ್ಲ ಎಂದು ಅವಳು ಅವತ್ತು ಊಟ ಮಾಡಲಿಲ್ಲ.

ಈ ಮಾತು ಈರಬಸಪ್ಪನ ಕಿವಿಗೆ ಬಿತ್ತು. ಅವನು ಸಿಟ್ಟಿನ ಮನುಷ್ಯನಾದರೂ ದಡ್ಡನಲ್ಲ. ಹಿಂದಿನ ಮೂರು ವರ್ಷಗಳಲ್ಲಿ ತಂಡದ ಮೂವರ ಮಂಡಿ ಹೋಗಿತ್ತು, ಮೂರು ಸಲವೂ ಯಾರಿಗೋ ಹೊಡೆದು ಬಂದಿದ್ದರು, ಹೊಡೆದದ್ದರಿಂದ ಯಾರ ಕಾಲೂ ಸರಿಯಾಗಿರಲಿಲ್ಲ. ಒಂದು ದಿನ ಬೆಳಿಗ್ಗೆ ತಂಡದವರನ್ನೆಲ್ಲ ಕರೆದುಕೊಂಡು ಕಾಳಕ್ಕನ ಹಟ್ಟಿಗೆ ಬಂದ. ತಳ್ಳಿದ್ದರ ಬಗ್ಗೆ ಅವನೂ ಏನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಟಗರು ನೋಡುವ ಹಾಗೆ ಇವರನ್ನೂ ನೋಡಬೇಕು ಎಂದ.

ಚಡ್ಡಿ ತೊಟ್ಟ ಒಂಬತ್ತು ಮಂದಿ ಬೂದಿಯ ಸುತ್ತ ಸಾಲಾಗಿ ನಿಂತಾಗ ಊರಿನ ಅರ್ಧ ಜನ ಅಲ್ಲಿದ್ದರು. ಸಾಲಿನಲ್ಲಿದ್ದ ದೊಡ್ಡಪ್ಪ ಎಂಬ ಧಡೂತಿ ಆಳು ಹಲ್ಲು ಕಿಸಿದು ಕೇಳಿದ:

"ಏನಕ್ಕ, ಬಾಯಿ ತೆರೆಸಿ ಹಲ್ಲು ನೋಡಲ್ವಾ?"

"ಹಲ್ಲು ನೋಡದು ಕೊಂಡ್ಕಳಂಗಿದ್ರೆ ಕಣಲೇ. ನಿನ್ನ ಯಾರು ಕೊಂಡ್ಕತಾರೆ? ಓಡು."

ಒಬ್ಬೊಬ್ಬರಾಗಿ ಓಡಿಬಂದು, ಗೂಟ ಬಳಸಿ, ಗಕ್ಕನೆ ತಿರುಗಿ ವಾಪಸು ಓಡಿದರು. ತಿರುಗುವಾಗ ಕಾಳಕ್ಕನ ಕಣ್ಣು ಮಂಡಿಯ ಮೇಲಿರುತ್ತಿತ್ತು. ಮಂಡಿಯ ಚಿಪ್ಪು ಹೆಬ್ಬೆರಳನ್ನು ದಾಟಿ ಒಳಕ್ಕೆ ಬಾಗುತ್ತದೆಯೇ, ಮೈಯೆಲ್ಲ ಒಂದೇ ಕಾಲಿನ ಮೇಲೆ ಕುಕ್ಕುತ್ತದೆಯೇ, ಹಿಮ್ಮಡಿ ಮೊದಲು ಊರುತ್ತದೆಯೇ ಎಂದು ನೋಡಿ, ಆಮೇಲೆ ಬೂದಿಯಲ್ಲಿ ಪಾದದ ಗುರುತು ನೋಡುತ್ತಿದ್ದಳು. ಒಬ್ಬೊಬ್ಬರನ್ನು ಏಳು ಸಲ ತಿರುಗಿಸಿದಳು. ಕೊನೆಗೆ ದೊಡ್ಡಪ್ಪ ಆಡಬಾರದು ಎಂದಳು. ಅವನ ಎಡಮಂಡಿ ಏಳು ಸಲದಲ್ಲಿ ಐದು ಸಲ ಒಳಕ್ಕೆ ಬಿದ್ದಿತ್ತು.

ದೊಡ್ಡಪ್ಪನಿಗೆ ಅವಮಾನವಾಯಿತು. ಬೂದಿಯನ್ನು ಅವಳ ಮುಖಕ್ಕೆ ಒದ್ದು ಹೋದ. ಮುಂದಿನ ವಾರವೇ ಬೇರೆ ಊರಿನ ತಂಡಕ್ಕೆ ಸೇರಿ ಹೊಸದುರ್ಗದ ಹತ್ತಿರ ಬಾಗೂರಿನಲ್ಲಿ ಆಡಿದ. ಎರಡನೆಯ ದಾಳಿಯಲ್ಲೇ ತಿರುಗುವಾಗ ಎಡಮಂಡಿ ಕಳಚಿಕೊಂಡು ಬಿದ್ದ. ಎತ್ತಿನ ಗಾಡಿಯಲ್ಲಿ ಅವನನ್ನು ಬಸ್ಸಿನವರೆಗೆ ತಂದರಂತೆ, ಗಾಡಿ ಕುಲುಕಿದಾಗಲೆಲ್ಲ ಅವನು ತನ್ನ ಕೈಯನ್ನೇ ಕಚ್ಚಿಕೊಂಡಿದ್ದನಂತೆ.

ಅಲ್ಲಿಂದ ಮೂರು ವರ್ಷ ಕಾಳಕ್ಕನ ಮಾತು ಮೀರಿ ಯಾರೂ ಅಂಗಳಕ್ಕೆ ಇಳಿಯಲಿಲ್ಲ. ಆಟದ ಕಾಲಕ್ಕೆ ಮುಂಚೆ ಎಲ್ಲರೂ ಬೂದಿಯ ಮೇಲೆ ಓಡಬೇಕು. ಬೇಡ ಅಂದವರು ಕೂರಬೇಕು. ಕೆಲವರಿಗೆ ಅವಳು ಹೇಗೆ ತಿರುಗಬೇಕೆಂದೂ ಹೇಳಿಕೊಡುತ್ತಿದ್ದಳು: ಒಂದೇ ಹೆಜ್ಜೆಯಲ್ಲಿ ನಿಲ್ಲಬೇಡ, ಮೂರು ಚಿಕ್ಕ ಹೆಜ್ಜೆ ಹಾಕು, ಮಂಡಿ ಮಡಿಸಿ ತಗ್ಗು, ಆಮೇಲೆ ತಿರುಗು. ಆ ಮೂರು ವರ್ಷ ಊರಿನ ತಂಡದಲ್ಲಿ ಮೂಗು ಒಡೆಯಿತು, ಭುಜ ಇಳಿಯಿತು, ಒಬ್ಬನ ಪಕ್ಕೆಲುಬು ಮುರಿಯಿತು. ಮಂಡಿ ಮಾತ್ರ ಯಾರದೂ ಹೋಗಲಿಲ್ಲ.

1976ರಲ್ಲಿ ತಂಡದ ದೊಡ್ಡ ದಾಳಿಗಾರ ಪಾಪಣ್ಣ. ಇಪ್ಪತ್ತೆರಡು ವರ್ಷ, ತಂದೆಯಿಲ್ಲ. ತಾಯಿ ಬರಗೇರಮ್ಮ ಕುರಿ ಕಾಯ್ದು ಸಾಕಿದ ಒಬ್ಬನೇ ಮಗ. ಚಿತ್ರದುರ್ಗದಲ್ಲಿ ಪೊಲೀಸ್ ಕೆಲಸಕ್ಕೆ ಆಳು ತೆಗೆದುಕೊಳ್ಳುವುದಿತ್ತು. ಓಟ, ಎತ್ತರ ಜಿಗಿತ ಎಲ್ಲ ಇರುತ್ತದೆ, ಇವನು ಓಡಿದರೆ ಸಾಕು ಕೆಲಸ ಸಿಕ್ಕಂತೆಯೇ ಎಂದು ತಿಳಿದವರು ಹೇಳಿದ್ದರು. ಅದಕ್ಕೆ ಹದಿನೈದು ದಿನ ಮುಂಚೆ ಭೀಮಸಮುದ್ರದಲ್ಲಿ ಬಹುಮಾನದ ಕಪ್ಪಿಗಾಗಿ ಕೊನೆಯ ಆಟ. ಎದುರಿಗೆ ಕೆಂಪಂಗಿಯವರು. ಕೆಂಪು ಅಂಗಿ ತೊಟ್ಟು ಆಡುವ ಆ ತಂಡ ಹಿಡಿದರೆ ಬಿಡುವುದಿಲ್ಲ, ಮೊಣಕೈಯಲ್ಲಿ ಮುಖಕ್ಕೆ ಗುದ್ದುತ್ತಾರೆ ಎಂದು ಎಲ್ಲ ಕಡೆ ಹೆಸರಾಗಿತ್ತು.

ಬರಗೇರಮ್ಮ ಮಗನನ್ನು ಕರೆದುಕೊಂಡು ಕಾಳಕ್ಕನ ಹಟ್ಟಿಗೆ ಬಂದಳು.

"ನಂಗಿರೋನು ಇವನೊಬ್ಬ ಕಾಳಕ್ಕ. ಕಾಲು ಹೋದ್ರೆ ಕೆಲಸ ಹೋತು. ನೀನು ಬ್ಯಾಡ ಅಂದ್ರೆ ಮನೇಲಿ ಕಟ್ಟಿ ಹಾಕ್ತೀನಿ. ಆಡ್ಲಿ ಅಂದ್ರೆ ಕಳಿಸ್ತೀನಿ. ನಿನ್ನ ಮಾತಿನ ಮ್ಯಾಲೆ ಬಿಟ್ಟೀನಿ."

ಕಾಳಕ್ಕ ಹೊಸ ಬೂದಿ ಜರಡಿ ಹಿಡಿದಳು. ಪಾಪಣ್ಣನನ್ನು ಏಳು ಸಲವಲ್ಲ, ಇಪ್ಪತ್ತೊಂದು ಸಲ ತಿರುಗಿಸಿದಳು. ಅವನು ಏದುಸಿರು ಬಿಡುತ್ತಾ ಸುಸ್ತಾದಾಗಲೂ ಅವನ ಪಾದ ಸಮನಾಗಿಯೇ ಊರುತ್ತಿತ್ತು. ಅಷ್ಟು ಚೆಂದದ ಗುರುತನ್ನು ಅವಳು ಮನುಷ್ಯರಲ್ಲಿ ಕಂಡಿರಲಿಲ್ಲ. ಆಡಲಿ, ಈ ಮಂಡಿ ಹೋಗುವುದಿಲ್ಲ ಎಂದಳು. ಬರಗೇರಮ್ಮ ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಆಟದ ದಿನ ಊರಿನವರು ಟ್ರ್ಯಾಕ್ಟರಿನ ಟ್ರೈಲರ್ ತುಂಬ ಹೋದರು. ಇಬ್ಬರೂ ಹೆಂಗಸರು ಅದರಲ್ಲಿದ್ದರು. ಆಟ ನಡೆಸುತ್ತಿದ್ದ ಅಡಿಕೆ ವ್ಯಾಪಾರಿಗಳು ಕೆರೆಯಂಗಳದಲ್ಲಿ ನೆಲ ಅಗೆಸಿ, ಮೆತ್ತನೆಯ ಮರಳು ಹರಡಿಸಿ, ಸುಣ್ಣದ ಗೆರೆ ಎಳೆಸಿದ್ದರು. ನಾಲ್ಕು ಮೂಲೆಗೂ ಬಾವುಟ ಕಟ್ಟಿದ ಬಿದಿರ ಗಳ ನೆಟ್ಟಿದ್ದರು.

ಆಟ ಶುರುವಾದ ಐದು ನಿಮಿಷಕ್ಕೆ ಈರಬಸಪ್ಪನ ಹಣೆ ಒಡೆಯಿತು. ಅವನು ಟವೆಲ್ ಸುತ್ತಿಕೊಂಡು ಆಡಿದ, ಟವೆಲ್ ಕೆಂಪಾಯಿತು. ಯಲ್ಲದಕೆರೆಯವರೂ ಸುಮ್ಮನಿರಲಿಲ್ಲ. ದಾಳಿಗೆ ಬಂದ ಒಬ್ಬ ಕೆಂಪಂಗಿಯವನನ್ನು ಹಿಡಿದು, ಉಸಿರು ತಪ್ಪಿ ಅವನು ಔಟಾದ ಮೇಲೂ ಬಿಡದೆ, ಮುಖವನ್ನು ಮರಳಿಗೆ ಒತ್ತಿದರು. ಅವನು ಎದ್ದಾಗ ಬಾಯಿಂದ ಮರಳೂ ರಕ್ತವೂ ಒಟ್ಟಿಗೆ ಬಂತು. ಸೀಟಿ ಊದುವವನು ಊದುತ್ತಲೇ ಇದ್ದ, ಕೇಳುವವರಿರಲಿಲ್ಲ. ಕೆಂಪಂಗಿಯವರ ಓಬಳೇಶಪ್ಪ ಎಂಬ ಎತ್ತರದ ಆಳು ಎರಡು ಸಲ ಪಾಪಣ್ಣನ ಸೊಂಟ ಹಿಡಿದು ಎತ್ತಿ ಒಗೆದ. ಎರಡು ಸಲವೂ ಪಾಪಣ್ಣ ಬೆರಳ ತುದಿಯಿಂದ ನಡುಗೆರೆ ಮುಟ್ಟಿದ. ಗೆರೆಯ ಪಕ್ಕದಲ್ಲಿ ಬರಗೇರಮ್ಮ ಕಾಳಕ್ಕನ ಸೆರಗು ಬಿಗಿಯಾಗಿ ಹಿಡಿದುಕೊಂಡಿದ್ದಳು. ಇನ್ನೆಷ್ಟು ಹೊತ್ತು ಎಂದು ಕೇಳುತ್ತಲೇ ಇದ್ದಳು.

ಕೊನೆಗೆ ಎರಡೂ ಕಡೆ ಸಮ ಇದ್ದಾಗ ಪಾಪಣ್ಣ ದಾಳಿಗೆ ಹೋದ. ಮೂಲೆಯವನನ್ನು ಕಾಲಿನಿಂದ ಮುಟ್ಟಿದ. ಬಲಗಡೆಯಿಂದ ಓಬಳೇಶಪ್ಪ ಕೈಚಾಚಿ ಬರುವುದನ್ನು ಕಂಡು, ತಪ್ಪಿಸಿಕೊಳ್ಳಲು ಬಲಗಾಲು ಊರಿ ಎಡಕ್ಕೆ ತಿರುಗಿದ. ಬಲಮಂಡಿ ಒಳಕ್ಕೆ ಮಡಿಚಿಕೊಂಡಿತು. ಅವನು ಬಿದ್ದ. ಓಬಳೇಶಪ್ಪನ ಕೈ ಇನ್ನೂ ಗೇಣು ದೂರದಲ್ಲಿತ್ತು.

ಗೇಣು ದೂರ ನೋಡಿದವರು ಬಹಳ ಜನ ಇರಲಿಲ್ಲ. ಒದ್ದ, ಒದ್ದ ಎಂಬ ಕೂಗು ಎದ್ದಿತು. ಬಾವುಟದ ಗಳ ಕಿತ್ತರು. ಮೊದಲ ಏಟು ಓಬಳೇಶಪ್ಪನ ಕುತ್ತಿಗೆಗೆ ಬಿತ್ತು, ಅವನು ಮಂಡಿಯೂರಿದ. ಎರಡನೆಯದು ಬೆನ್ನಿಗೆ. ಗಳ ಸೀಳಿ ಚೂಪಾದ ಮೇಲೂ ಅದರಿಂದಲೇ ಹೊಡೆದರು. ಕೆಂಪಂಗಿಯ ಕಡೆಯವರು ಕಲ್ಲು ಬೀರತೊಡಗಿದರು. ಬರಗೇರಮ್ಮ ಮಗನ ಹತ್ತಿರ ಓಡಿದಳು. ಕಾಳಕ್ಕ ಅವನ ಹತ್ತಿರ ಹೋಗಲಿಲ್ಲ. ಅವನು ಕಾಲೂರಿದ ಜಾಗಕ್ಕೆ ಓಡಿದಳು.

ಆ ಗುರುತು ಇನ್ನೂ ಮರಳಿನಲ್ಲಿತ್ತು. ಸುತ್ತ ಜನ ತುಳಿದಾಡುತ್ತಿದ್ದರು. ಅವಳು ಕೈ ಮಂಡಿ ಊರಿ ಅದರ ಮೇಲೆ ಚಪ್ಪರದ ಹಾಗೆ ನಿಂತಳು. ಯಾರದೋ ಕಾಲು ಪಕ್ಕೆಗೆ ತಗಲಿತು, ಯಾರದೋ ಗಳ ಕಿವಿಯ ಮೇಲೆ ಬಿತ್ತು. ಕಿವಿಯಿಂದ ರಕ್ತ ಮರಳಿಗೆ ತೊಟ್ಟಿಕ್ಕುತ್ತಿರುವಾಗ ಅವಳು ಗುರುತು ನೋಡಿದಳು. ಬಲಪಾದ. ಹಿಮ್ಮಡಿ ಆಳಕ್ಕೆ ಊರಿತ್ತು. ಒಳಗಂಚು ಗುಳಿ ಬಿದ್ದಿತ್ತು. ಹೊರಗಂಚು ಇರಲಿಲ್ಲ.

ಬಲಪಾದದ ಇಂಥ ಗುರುತನ್ನು ತಾನು ಎಂದೂ ನೋಡಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಮಾವ ಟಗರು ತಿರುಗಿಸುತ್ತಿದ್ದದ್ದು ಬಲಸುತ್ತು. ಗುಡಿ ಸುತ್ತುವ ಹಾಗೆ, ಗೂಟ ಯಾವಾಗಲೂ ಬಲಗೈ ಕಡೆಗೇ ಇರಬೇಕು. ಎಡಸುತ್ತು ತಿರುಗುವುದು ಹೆಣಕ್ಕೆ ಮಾತ್ರ. ಕುರಿಯನ್ನು ಎಡಸುತ್ತು ಹೊಡೆದರೆ ಮಂದೆಯೇ ಸಾಯುತ್ತದೆ ಎಂದು ಹಟ್ಟಿಯಲ್ಲಿ ಎಲ್ಲರೂ ನಂಬಿದ್ದರು, ಅವಳೂ ನಂಬಿದ್ದಳು. ಬಲಕ್ಕೆ ತಿರುಗುವವನ ಭಾರವೆಲ್ಲ ಎಡಗಾಲಿನ ಮೇಲೆ ಬೀಳುತ್ತದೆ. ಇಪ್ಪತ್ತು ವರ್ಷ ಅವಳು ನೋಡಿದ್ದೆಲ್ಲ ಎಡಮಂಡಿ. ಪಾಪಣ್ಣನನ್ನು ಇಪ್ಪತ್ತೊಂದು ಸಲ ತಿರುಗಿಸಿ ಅದೇ ಎಡಮಂಡಿಯನ್ನು ಇಪ್ಪತ್ತೊಂದು ಸಲ ನೋಡಿದ್ದಳು.

ತಲೆಯೆತ್ತಿದಾಗ ಓಬಳೇಶಪ್ಪ ಅಂಗಾತ ಬಿದ್ದಿದ್ದ. ಈರಬಸಪ್ಪ ಅವನ ಎದೆಯ ಮೇಲೆ ಕೂತು, ಎರಡು ಕೈಯಲ್ಲಿ ಗೋಡೆ ಕಟ್ಟುವ ಒಂದು ಸೈಜುಗಲ್ಲು ಎತ್ತಿದ್ದ. ಅವಳು ಸುಮ್ಮನಿದ್ದಿದ್ದರೆ ತಪ್ಪು ಆ ಕೆಂಪಂಗಿಯವನ ತಲೆಯ ಮೇಲೇ ಹೋಗುತ್ತಿತ್ತು, ಅವನ ತಲೆಯೊಂದಿಗೇ ಮುಗಿಯುತ್ತಿತ್ತು.

"ಕಲ್ಲು ಇಳ್ಸು ಈರಬಸಪ್ಪ. ಅವನ ಕೈ ಇವನಿಗೆ ತಗಲಿಲ್ಲ. ತಪ್ಪು ನಂದು. ನಾನು ಒಂದೇ ಕಾಲು ನೋಡಿದೆ."

ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ನಿಲ್ಲಲಿಲ್ಲವೋ. ಅವಳು ಓಬಳೇಶಪ್ಪನ ಮುಖದ ಮೇಲೆ ಎಡಗೈ ಅಡ್ಡ ಇಟ್ಟಳು. ಕಲ್ಲು ಕೈಯ ಮೇಲೆ ಬಿತ್ತು. ಎರಡು ಬೆರಳು ನಜ್ಜುಗುಜ್ಜಾದವು. ಕಲ್ಲಿನ ಕೆಳಗೆ ತಮ್ಮವರದೇ ಕೈ ಕಂಡ ಮೇಲೆ ಈರಬಸಪ್ಪ ಎದ್ದು ಹಿಂದೆ ಸರಿದ. ಓಬಳೇಶಪ್ಪನಿಗೆ ದವಡೆ ಮುರಿದಿತ್ತು, ಜೀವ ಇತ್ತು.

ಆದರೆ ಅವಳ ಮಾತು ಬರಗೇರಮ್ಮನಿಗೆ ಕೇಳಿಸಿತ್ತು. ಮಗನ ತಲೆಯನ್ನು ಮರಳಿನ ಮೇಲೆ ಇಳಿಸಿ ಎದ್ದು ಬಂದಳು. ಸೀಳಿ ಬಿದ್ದಿದ್ದ ಗಳದ ಒಂದು ತುಂಡು ತೆಗೆದುಕೊಂಡಳು. ನಿನ್ನ ಮಾತು ನಂಬಿ ಕಳಿಸಿದೆನಲ್ಲ ಎಂದು ಒಂದು ಏಟು, ಕೈ ಕಣ್ಣಿಗೊತ್ತಿಕೊಂಡೆನಲ್ಲ ಎಂದು ಇನ್ನೊಂದು ಏಟು. ಆಮೇಲೆ ಬರೀ ಏಟು ಬಿದ್ದವು. ಕಾಳಕ್ಕ ನಜ್ಜಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಇನ್ನೊಂದು ಕೈಯನ್ನು ಅಡ್ಡ ತರಲಿಲ್ಲ. ಬರಗೇರಮ್ಮನಿಗೆ ತೋಳು ಸೋಲುವವರೆಗೂ ಯಾರೂ ಬಿಡಿಸಲು ಬರಲಿಲ್ಲ.

ಚಿತ್ರದುರ್ಗದ ಡಾಕ್ಟರು ಪಾಪಣ್ಣನ ಮಂಡಿ ಅಲ್ಲಾಡಿಸಿ ನೋಡಿ, ಒಳಗೆ ಮೂಳೆಗಳನ್ನು ಹಿಡಿದಿಡುವ ನಾರು ಹರಿದಿದೆ ಎಂದರು. ನಡೆಯಬಹುದು, ಓಡಿ ತಿರುಗುವುದು ಇನ್ನು ಆಗುವುದಿಲ್ಲ. ಪೊಲೀಸಿನ ಓಟ ನಡೆದ ದಿನ ಅವನು ಮನೆಯ ಜಗಲಿಯ ಮೇಲೆ ಕಾಲು ಚಾಚಿ, ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಕಾಳಕ್ಕನ ಎರಡು ಬೆರಳುಗಳನ್ನು ಅದೇ ಊರಿನ ಆಸ್ಪತ್ರೆಯಲ್ಲಿ ತೆಗೆದರು.

ಕೈ ಒಣಗಿದ ಮೇಲೆ ಅವಳು ಮತ್ತೆ ಗೂಟ ನೆಟ್ಟಳು. ಇನ್ನು ಮೇಲೆ ಬಲಕ್ಕೂ ಎಡಕ್ಕೂ ತಿರುಗಿಸಿ ನೋಡುತ್ತೇನೆ, ಎರಡೂ ಮಂಡಿ ನೋಡದೆ ಯಾರೂ ಆಡಬಾರದು ಎಂದು ಹೇಳಿಕಳಿಸಿದಳು. ಹಟ್ಟಿಯ ಹಿರಿಯರು ಬಂದು ಬೈದರು. ಬದುಕಿರುವ ಗಂಡಸರನ್ನು ಹೆಣದ ಸುತ್ತು ತಿರುಗಿಸುತ್ತೀಯಾ, ಒಬ್ಬನ ಕಾಲು ತಿಂದದ್ದು ಸಾಲದೇ ಎಂದರು. ಅವಳ ಗಂಡ ಕರಿಸಿದ್ದಪ್ಪ ಜಗಳದ ಮನುಷ್ಯನಲ್ಲ, ಇಷ್ಟಕ್ಕೆ ಬಿಟ್ಟುಬಿಡು ಎಂದು ಕೇಳಿಕೊಂಡ. ಅವಳು ಬಿಡಲಿಲ್ಲ. ತಂಡದವರು ಬಂದರು, ಬೂದಿಯ ಆಚೆ ನಿಂತರು. ಒಬ್ಬರೂ ಎಡಕ್ಕೆ ಕಾಲಿಡಲಿಲ್ಲ. ಅರ್ಧ ಗಂಟೆ ಹಾಗೇ ಕಳೆಯಿತು.

ಆಗ ಪಾಪಣ್ಣ ಕೋಲೂರಿಕೊಂಡು ಬಂದ. ಹಿಂದೆ ಬರಗೇರಮ್ಮ ಇದ್ದಳು. ಅವಳು ಕಾಳಕ್ಕನ ಮುಖ ನೋಡಲಿಲ್ಲ.

"ನಂದು ಹೋಗಿದ್ದು ಹೋಗೈತೆ," ಎಂದ ಪಾಪಣ್ಣ. "ಎಡಸುತ್ತು ತಿರುಗಿ ಸಾಯಂಗಿದ್ರೆ ನಾನೇ ಮೊದ್ಲು ಸಾಯ್ತೀನಿ, ನೋಡ್ಕಳ್ರಿ."

ಗೂಟವನ್ನು ಎಡಗೈ ಕಡೆ ಇಟ್ಟುಕೊಂಡು ಕುಂಟುತ್ತಾ ಒಂದು ಸುತ್ತು ಹಾಕಿದ. ಇನ್ನೊಂದು ಹಾಕಿದ. ಮೂರನೆಯ ಸುತ್ತಿಗೆ ಕೋಲು ಜಾರಿ ಬೂದಿಯಲ್ಲಿ ಬಿದ್ದ, ತಾನೇ ಎದ್ದ. ಗುಂಪಿನಲ್ಲಿ ಒಬ್ಬ ನಕ್ಕ, ಪಕ್ಕದವನು ಅವನ ಬಾಯಿಗೆ ಹೊಡೆದ.

ಆಮೇಲೆ ಈರಬಸಪ್ಪ ಓಡಲೇಬೇಕಾಯಿತು. ನಾಯಕ ಅವನು. ಏಳು ಸಲ ಎಡಕ್ಕೆ ತಿರುಗಿದ. ಕಾಳಕ್ಕ ಎಲ್ಲ ಗುರುತುಗಳನ್ನೂ ನೋಡಿದಳು. ಎರಡು ಸಲ ನೋಡಿದಳು. ಬಲಪಾದದ ಒಳಗಂಚು ಆರು ಸಲ ಗುಳಿ ಬಿದ್ದಿತ್ತು.

"ನೀನು ಆಡಬ್ಯಾಡ," ಎಂದಳು.

ಈರಬಸಪ್ಪನ ಮುಖ ಕಪ್ಪಿಟ್ಟಿತು. ಹನ್ನೊಂದು ವರ್ಷದಿಂದ ಆಡಿದವನು. ಪಾಪಣ್ಣನ ಕೈಯ ಕೋಲು ಕಿತ್ತುಕೊಂಡ. ಊರು ಹಾಳು ಮಾಡೋ ಮುಂಡೆ ಎಂದು ಅದನ್ನು ತಲೆಯ ಮೇಲೆತ್ತಿದ. ಕಾಳಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದವಳು ಏಳಲಿಲ್ಲ. ಬರಗೇರಮ್ಮ ಬೂದಿ ತುಳಿದುಕೊಂಡು ಬಂದು ಇಬ್ಬರ ನಡುವೆ ನಿಂತಳು.

"ಆಕೆಗೆ ನಾನು ಹೊಡೆದಿದ್ದೇ ಸಾಕು," ಎಂದಳು. "ಅವತ್ತು ಇವಳು ಎರಡೂ ಕಾಲು ನೋಡಿ ಹಿಂಗೇ ಬ್ಯಾಡ ಅಂದಿದ್ರೆ ನನ್ನ ಮಗ ಓಡ್ತಿದ್ದ. ನಿನಗೆ ಬ್ಯಾಡ ಅನ್ನೋರು ಇದಾರೆ. ಕೋಲು ಅವನಿಗೆ ಕೊಡು, ನಡೆಯಾಕೆ ಬೇಕು."

ಕೋಲು ಸ್ವಲ್ಪ ಹೊತ್ತು ಮೇಲೇ ಇತ್ತು. ಆಮೇಲೆ ಈರಬಸಪ್ಪ ಅದನ್ನು ಪಾಪಣ್ಣನ ಕಾಲ ಬಳಿ ಎಸೆದು ಹೋದ. ಎರಡು ವರ್ಷ ಅವನು ಕಾಳಕ್ಕನ ಹಟ್ಟಿಯ ದಾರಿಯಲ್ಲಿ ನಡೆಯಲಿಲ್ಲ, ಆದರೆ ಆಡಲೂ ಇಲ್ಲ. ಕಾಳಕ್ಕ ಮೂರು ಬೆರಳಿನ ಕೈಯಿಂದ ಬೂದಿ ಸಮ ಮಾಡಿದಳು. ಬರಗೇರಮ್ಮ ಪಕ್ಕದಲ್ಲಿ ಕೂತು ಇನ್ನೊಂದು ಕಡೆಯಿಂದ ಜರಡಿ ಹಿಡಿದಳು. ಮುಂದಿನವನು ಎಡಕ್ಕೆ ಓಡಿದ.